‘ಎಂತ ಇಲ್ಲ ತಂಗಿ’ ಅಂದ ಕೇಣಿ ಅಕ್ಕ: ಹೊಟ್ಟೆ ಆಪರೇಷನ್ ಆದಮೇಲಿನ ಹತ್ತು ದಿನ

ಜುಲೈ ತಿಂಗಳು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ನಮ್ಮ ಕರಾವಳಿಯ ಮೀನು ಮಾರುವ ಹೆಂಗಸರು ಒಣಮೀನಿನ ಬುಟ್ಟಿ ಹೊತ್ತು ಮಳೆಯಲ್ಲೇ ಊರೂರು ತಿರುಗುವ ಕಾಲ ಅದು. ಅಂಥ ಒಬ್ಬರು ಅಂಕೋಲಾ ಹತ್ತಿರದ ಕೇಣಿಯಿಂದ ಕಾರವಾರಕ್ಕೆ, ನಾನು ನರ್ಸ್ ಆಗಿ ಕೆಲಸ ಮಾಡುವ ಸರ್ಜರಿ ವಾರ್ಡಿಗೆ ಬಂದರು. ವಯಸ್ಸು 56, ತೂಕ 54 ಕೆಜಿ. ಹೆಸರು ಬರೆಯುವುದಿಲ್ಲ, ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ. ವಾರ್ಡಿನಲ್ಲಿ ಎಲ್ಲರೂ ಅವರನ್ನು ಕೇಣಿ ಅಕ್ಕ ಅಂತಲೇ ಕರೆಯುತ್ತಿದ್ದರು, ಇಲ್ಲಿಯೂ ಹಾಗೇ ಕರೆಯುತ್ತೇನೆ.

ಬೆಳಗಿನ ಐದು ಗಂಟೆಗೆ ಮನೆಯಿಂದ ಹೊರಡುವಾಗ ಹೊಟ್ಟೆಯ ಮೇಲ್ಭಾಗದಲ್ಲಿ ಚೂರಿ ಹಾಕಿದ ಹಾಗೆ ನೋವು ಬಂತಂತೆ. ಮನೆಯವರು ಗ್ಯಾಸ್ ಅಂದುಕೊಂಡರು. ಜೀರಿಗೆ ಕಷಾಯ ಆಯಿತು, ಸೋಡಾ ಆಯಿತು. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿ, ಮುಟ್ಟಿದರೆ ಕೂಗುವಂತಾಯಿತು. ಮೊದಲು ಹತ್ತಿರದ ಆಸ್ಪತ್ರೆ, ಅಲ್ಲಿಂದ 108ರಲ್ಲಿ ಕಾರವಾರ. ನಮ್ಮಲ್ಲಿಗೆ ಮುಟ್ಟುವಾಗ ಮೂರೂವರೆ. ಕೂರಿಸಿ ತೆಗೆದ ಎದೆಯ ಎಕ್ಸ್‌ರೇಯಲ್ಲಿ ಎದೆ, ಹೊಟ್ಟೆಯ ನಡುವಿನ ಪದರವಾದ ವಪೆಯ ಕೆಳಗೆ ಗಾಳಿಯ ಕಪ್ಪು ಗೆರೆ ಕಾಣುತ್ತಿತ್ತು. ಅಂದರೆ ಜಠರದಲ್ಲೋ ಸಣ್ಣ ಕರುಳಿನಲ್ಲೋ ತೂತು ಬಿದ್ದು, ಒಳಗಿನ ಗಾಳಿ, ಆಮ್ಲ ಎಲ್ಲ ಹೊಟ್ಟೆಯೊಳಗೆ ಚೆಲ್ಲಿದೆ.

ಕಾರಣ ಕೇಳಿದಾಗ ಮಗಳು ಹೇಳಿದಳು. ಎಂಟು ತಿಂಗಳಿಂದ ಮಂಡಿನೋವು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆ ದಿನಕ್ಕೆ ಎರಡು, ಕೆಲವು ದಿನ ಮೂರು. ಬೆಳಗ್ಗೆ ಖಾಲಿ ಹೊಟ್ಟೆಗೆ ಕರಿ ಚಾ ಜೊತೆ ನುಂಗಿ ಹೊರಡುವುದು. ಈ ಮಾತ್ರೆಗಳು ನೋವು ಕಡಿಮೆ ಮಾಡುವಾಗಲೇ ಜಠರದ ಒಳಪದರವನ್ನು ಕಾಯುವ ರಸಾಯನಿಕವನ್ನೂ ತಡೆಯುತ್ತವೆ. ಆಗ ಆಮ್ಲ ನೇರವಾಗಿ ಗೋಡೆಯನ್ನು ತಿನ್ನುತ್ತದೆ. ಐವತ್ತು ದಾಟಿದವರಲ್ಲಿ ಇದನ್ನು ನಾವು ಮತ್ತೆ ಮತ್ತೆ ನೋಡುತ್ತೇವೆ.

ಸಂಜೆ ಏಳಕ್ಕೆ ಆಪರೇಷನ್. ಹೊಟ್ಟೆಯ ನಡುವೆ ಉದ್ದಕ್ಕೆ ಕೊಯ್ದು ನೋಡಿದಾಗ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಹೆಸರುಕಾಳಿನಷ್ಟು ತೂತು. ಹೊಟ್ಟೆಯೊಳಗೆ ಏಪ್ರನ್ ತರ ಇಳಿಬಿದ್ದಿರುವ ಕೊಬ್ಬಿನ ಪದರದ ಒಂದು ತುಣುಕನ್ನು ಎಳೆದು ತೂತಿನ ಮೇಲಿಟ್ಟು ಹೊಲಿದರು. 1937ರಲ್ಲಿ ಕೆನಡಾದ ಸರ್ಜನ್ ರೋಸ್ಕೋ ಗ್ರಹಾಂ ಬರೆದ ವಿಧಾನ, ಇವತ್ತಿಗೂ ಅದೇ ನಡೆಯುತ್ತಿದೆ. ಒಳಗೆಲ್ಲ ಲೀಟರುಗಟ್ಟಲೆ ಸಲೈನ್ ಹಾಕಿ ತೊಳೆದು, ಒಳಗಿನ ನೀರು ಹೊರಗೆ ಹರಿಯಲು ಎರಡು ನಳಿಕೆ (ಡ್ರೇನ್) ಇಟ್ಟು ಮುಚ್ಚಿದರು. ಸರ್ಜನ್‌ರ ಕೆಲಸ ಒಂದೂವರೆ ಗಂಟೆಯಲ್ಲಿ ಮುಗಿಯಿತು. ಅಲ್ಲಿಂದ ಮುಂದಿನ ಹತ್ತು ದಿನದ ಕತೆ ನಮ್ಮದು.

ಮೊದಲ ರಾತ್ರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೂಗಿನಿಂದ ಜಠರಕ್ಕೆ ಇಳಿಸಿದ ರೈಲ್ಸ್ ಟ್ಯೂಬ್, ಕೈಯಲ್ಲಿ ಡ್ರಿಪ್, ಕೆಳಗೆ ಮೂತ್ರ ಹೊರಗೆ ಬರುವ ಕ್ಯಾತಿಟರ್, ಎರಡು ಕಡೆ ಡ್ರೇನ್ ಚೀಲ. ನಾಡಿ, ಬಿಪಿ, ಉಸಿರು, ಆಕ್ಸಿಜನ್ ಮೊದಲು ಕಾಲು ಗಂಟೆಗೊಮ್ಮೆ, ಆಮೇಲೆ ಅರ್ಧ ಗಂಟೆಗೆ, ಆಮೇಲೆ ಗಂಟೆಗೆ. ಮೂತ್ರ ಗಂಟೆಗೆ ಕೆಜಿಗೆ ಅರ್ಧ ಎಂಎಲ್ ಆದರೂ ಬರಬೇಕು, ಅಂದರೆ ಇವರಿಗೆ 27 ಎಂಎಲ್. ಮೊದಲ ಎರಡು ಗಂಟೆ 20, 22 ಬಂತು. ಡಾಕ್ಟರಿಗೆ ಹೇಳಿ ಡ್ರಿಪ್ ಏರಿಸಿದೆವು, ಬೆಳಗಿನ ನಾಲ್ಕಕ್ಕೆ 40 ದಾಟಿತು. ಅಂದರೆ ಕಿಡ್ನಿಗೆ ರಕ್ತ ಸರಿಯಾಗಿ ಹೋಗುತ್ತಿದೆ. ರಾತ್ರಿ ಪಾಳಿಯಲ್ಲಿ ಟಾರ್ಚ್ ಹಿಡಿದು ಮೂತ್ರದ ಚೀಲದ ಗೆರೆ ನೋಡುವಾಗ ಅದೊಂದು ಸಂಖ್ಯೆ ಕೊಡುವ ಸಮಾಧಾನ ಹೇಳಲಾಗದು.

ತಪ್ಪು ಆಗಿದ್ದು ಮರುದಿನ.

ಚಾರ್ಟಿನಲ್ಲಿ ನೋವಿನ ಔಷಧಿ ಇತ್ತು. ಪ್ಯಾರಾಸಿಟಮಾಲ್ ಡ್ರಿಪ್, ಟ್ರಮಡಾಲ್ ಇಂಜೆಕ್ಷನ್, ಎರಡರ ಮುಂದೆಯೂ ‘ನೋವಿದ್ದರೆ’ ಅಂತ ಬರೆದಿತ್ತು. ನಾವು ಪ್ರತಿ ಪಾಳಿಯಲ್ಲೂ ಕೇಳಿದೆವು: ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು? ಕೇಣಿ ಅಕ್ಕ ಪ್ರತಿ ಸಲ ಅದೇ ಹೇಳಿದರು, “ಎಂತ ಇಲ್ಲ ತಂಗಿ.” ನಾವು ಚಾರ್ಟಿನಲ್ಲಿ ಎರಡು ಅಂತ ಬರೆದೆವು. ಮುಂದಿನ ಪಾಳಿಯವರು ಎರಡು. ರಾತ್ರಿಯವರು ಒಂದು. ಇಪ್ಪತ್ತನಾಲ್ಕು ಗಂಟೆಯಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಒಂದು ಪ್ಯಾರಾಸಿಟಮಾಲ್ ಬಾಟಲಿ. ಹೊಟ್ಟೆಯನ್ನು ಒಂದು ಗೇಣು ಕೊಯ್ದಿರುವ ಮನುಷ್ಯರಿಗೆ!

ಎರಡನೇ ದಿನ ಬೆಳಗ್ಗೆ ನನ್ನ ಪಾಳಿ. ನಾಡಿ 112, ಉಸಿರು ನಿಮಿಷಕ್ಕೆ 28, ಜ್ವರ 100.6, ಆಕ್ಸಿಜನ್ 91. ಎದೆಯ ಬುಡದಲ್ಲಿ ಉಸಿರಿನ ಸದ್ದೇ ಕೇಳುತ್ತಿರಲಿಲ್ಲ. ಮುಖ ಶಾಂತವಾಗಿತ್ತು, ನಿಜ. ಆದರೆ ಎಡಗೈ ಹೊದಿಕೆಯ ಕೆಳಗಿತ್ತು. ಹೊದಿಕೆ ಸರಿಸಿದೆ. ಹಾಸಿಗೆಯ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು, ಬೆರಳ ಗಂಟುಗಳು ಬೆಳ್ಳಗಾಗಿದ್ದವು. ಮೇಲ್ತುಟಿಯ ಮೇಲೆ ಸಣ್ಣ ಸಣ್ಣ ಬೆವರ ಹನಿ. ಉಸಿರು ಗಂಟಲಿನಿಂದ ಕೆಳಗೆ ಇಳಿಯುತ್ತಲೇ ಇರಲಿಲ್ಲ.

“ಅಕ್ಕಾ, ಒಂದು ಸಲ ಕೆಮ್ಮಿ ನೋಡ್ವಾ” ಅಂದೆ.

ಅವರು ಕಣ್ಣು ಮುಚ್ಚಿಕೊಂಡರು. ಕೆಮ್ಮಲಿಲ್ಲ. ಕಣ್ಣಿನ ತುದಿಯಿಂದ ನೀರು ಕಿವಿಯ ಕಡೆ ಇಳಿಯಿತು. ಆಮೇಲೆ ಮೆಲ್ಲಗೆ ಅಂದರು, “ಮೂರು ಹೆತ್ತವಳು ನಾನು ತಂಗಿ. ತಡಕಂತೆ.”

ಇದು ಇಲ್ಲಿನ ಹೆಂಗಸರ ಮಾತು. ತಲೆಯ ಮೇಲೆ ಭಾರ ಹೊತ್ತು ನಡೆದವರು, ನೋವು ಅಂದರೆ ಸಹಿಸುವುದು ಅಂತಲೇ ಕಲಿತವರು. ಕೇಳಿದರೆ ಸಿಸ್ಟರಿಗೆ ಸುಮ್ನೆ ತೊಂದರೆ, ಬಿಲ್ ಏರುತ್ತದೆ, ಇಂಜೆಕ್ಷನ್ ಜಾಸ್ತಿಯಾದರೆ ಚಟ ಆಗುತ್ತದೆ, ಇಷ್ಟೆಲ್ಲ ಅವರ ಮನಸ್ಸಿನಲ್ಲಿ ಇತ್ತಂತೆ. ಅವರು ಸುಳ್ಳು ಹೇಳಲಿಲ್ಲ. ನಮ್ಮ ಪ್ರಶ್ನೆಯೇ ಅವರಿಗೆ ಹೊಂದುವಂಥದ್ದಲ್ಲ. ಅಂಗಾತ ಅಲುಗಾಡದೆ ಮಲಗಿದವರಿಗೆ ನೋವು ಎರಡೇ ಇರಬಹುದು. ಕೆಮ್ಮಿದರೆ, ಮಗ್ಗುಲು ಬದಲಿಸಿದರೆ ಎಷ್ಟು ಅನ್ನುವುದೇ ಅಸಲು ಪ್ರಶ್ನೆ ಅಲ್ವಾ? ಅದನ್ನು ನಾವ್ಯಾರೂ ಕೇಳಿರಲಿಲ್ಲ. ಆ ಮೂರು ಸಂಖ್ಯೆಗಳಲ್ಲಿ ಮೊದಲನೆಯದು ನನ್ನ ಕೈಬರಹ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನೋವು ತಡೆದುಕೊಂಡರೆ ಆಗುವುದೇನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಹೊಟ್ಟೆಯ ಮೇಲ್ಭಾಗ ಕೊಯ್ದಾಗ ಪ್ರತಿ ಉಸಿರಿಗೂ ಗಾಯ ಎಳೆಯುತ್ತದೆ. ಹಾಗಾಗಿ ರೋಗಿ ಮೇಲೆ ಮೇಲೆ ಉಸಿರಾಡುತ್ತಾರೆ, ಕೆಮ್ಮು ಬಂದರೆ ನುಂಗುತ್ತಾರೆ. ಶ್ವಾಸಕೋಶದ ಬುಡದ ಗಾಳಿಚೀಲಗಳು ಮುಚ್ಚಿಕೊಳ್ಳುತ್ತವೆ, ಕಫ ಅಲ್ಲೇ ನಿಲ್ಲುತ್ತದೆ, ಎರಡು ಮೂರು ದಿನದಲ್ಲಿ ನ್ಯುಮೋನಿಯಾ ಆಗಬಹುದು. ನೋವಿಗೆ ಏಳುವುದಿಲ್ಲ, ಏಳದಿದ್ದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಭಯ, ಕರುಳಿನ ಚಲನೆಯೂ ನಿಧಾನ. ನಿದ್ದೆ ಇಲ್ಲ, ಊಟ ಬೇಡ. ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿದ ಹಾಗೆ.

ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಇನ್ನೊಂದು ಕೇಸಿನ ಗಡಿಬಿಡಿಯಲ್ಲಿದ್ದರು, ರೂಢಿಯ ಮೇಲೆ “ಒಂದು ಡೈಕ್ಲೋ ಕೊಡಿ” ಅಂದರು. ಡೈಕ್ಲೋಫೆನಾಕ್ ಕೂಡ ಅದೇ ಜಾತಿಯ ಔಷಧಿ, ಅಕ್ಕನ ಹೊಟ್ಟೆ ತೂತಾಗಿದ್ದು ಅಂಥದ್ದರಿಂದಲೇ. ಇಂಜೆಕ್ಷನ್ ರೂಪದಲ್ಲಿ ಕೊಟ್ಟರೂ ಅದು ಜಠರಕ್ಕೆ ಮಾಡುವ ಹಾನಿ ತಪ್ಪುವುದಿಲ್ಲ. “ಸರ್, ಇವರು ಅಲ್ಸರ್ ಪರ್ಫೊರೇಷನ್”, ಅಂದರೆ ಹುಣ್ಣು ತೂತಾದವರು, ಅಂದ ತಕ್ಷಣ ಅವರೇ ತಿದ್ದಿಕೊಂಡರು, ವಾರ್ಡಿಗೆ ಬಂದು ನೋಡಿ ಹೊಸದಾಗಿ ಬರೆದರು. ಪ್ಯಾರಾಸಿಟಮಾಲ್ ಒಂದು ಗ್ರಾಂ ಆರು ಗಂಟೆಗೊಮ್ಮೆ, ಕೇಳಲಿ ಬಿಡಲಿ, ಗಡಿಯಾರ ನೋಡಿ ಕೊಡುವುದು. ಟ್ರಮಡಾಲ್ ಎಂಟು ಗಂಟೆಗೊಮ್ಮೆ, ಜೊತೆಗೆ ವಾಂತಿ ಆಗದಂತೆ ಒಂದು. ಟ್ರಮಡಾಲ್ ಕೊಟ್ಟವರನ್ನು ಬಿಟ್ಟು ಹೋಗುವ ಹಾಗಿಲ್ಲ, ಮಂಪರು ಜಾಸ್ತಿಯಾಗಿದೆಯಾ, ಉಸಿರು ನಿಧಾನ ಆಗಿದೆಯಾ ನೋಡುತ್ತಲೇ ಇರಬೇಕು. ಎದೆಯ ಎಕ್ಸ್‌ರೇ ಮಾಡಿಸಿದರು, ಮೂಗಿಗೆ ಆಕ್ಸಿಜನ್ ಹಾಕಿದೆವು.

ಔಷಧಿ ಕೊಟ್ಟು ಮುಕ್ಕಾಲು ಗಂಟೆ ಬಿಟ್ಟು ಹಾಸಿಗೆಯ ತಲೆಯ ಭಾಗ ಎತ್ತಿ ಕೂರಿಸಿದೆ. ಉಸಿರಿನ ವ್ಯಾಯಾಮದ ಮೂರು ಚೆಂಡಿನ ಸ್ಪೈರೋಮೀಟರ್ ಕೈಗೆ ಕೊಟ್ಟರೆ ಅಕ್ಕ ಒಲೆ ಊದಿದ ಹಾಗೆ ಊದಿದರು. ಹತ್ತರಲ್ಲಿ ಎಂಟು ಮಂದಿ ಹೀಗೇ ಮಾಡುತ್ತಾರೆ. ಇದು ಊದುವುದಲ್ಲ, ಎಳೆಯುವುದು. “ಎಳನೀರಿಗೆ ಕೊಳವೆ ಹಾಕಿ ಎಳೀತ್ರಲ್ಲ, ಹಾಗೆ” ಅಂದೆ. ಮೊದಲ ಸಲ ಒಂದು ಚೆಂಡು ಅರ್ಧಕ್ಕೆ ಏರಿ ಬಿತ್ತು. ಮೂರನೇ ಸಲಕ್ಕೆ ಒಂದು ಚೆಂಡು ಪೂರ್ತಿ ಮೇಲೆ ನಿಂತಿತು. ಎಚ್ಚರ ಇರುವಾಗ ಗಂಟೆಗೆ ಹತ್ತು ಸಲ ಅಂತ ಲೆಕ್ಕ. ಲೆಕ್ಕ ಇಡುವ ಕೆಲಸ ಮಗಳಿಗೆ ಕೊಟ್ಟೆ.

ಆಮೇಲೆ ಕೆಮ್ಮು. ಮಗಳು ತಂದಿದ್ದ ಹಳೇ ಸೀರೆಯನ್ನು ದಪ್ಪಗೆ ಮಡಚಿ ಗಾಯದ ಮೇಲಿಟ್ಟು, ಅಕ್ಕನ ಎರಡೂ ಕೈ ಅದರ ಮೇಲೆ, ನನ್ನ ಕೈ ಅವರ ಕೈ ಮೇಲೆ. ಮಂಡಿ ಮಡಚಿಸಿ, ಎರಡು ದೀರ್ಘ ಉಸಿರು, ಮೂರನೆಯದಕ್ಕೆ ಒತ್ತಿ ಹಿಡಿದು ಕೆಮ್ಮು. ಗಟ್ಟಿ ಹಳದಿ ಕಫ ಬಂತು. ಅಕ್ಕ ನನ್ನನ್ನು ನೋಡಿದರು, “ಇದು ಒಳಗೇ ಇತ್ತಾ?” ಅಂದರು. ಸಂಜೆಗೆ ಉಸಿರು 20ಕ್ಕೆ ಇಳಿಯಿತು, ಆಕ್ಸಿಜನ್ 96.

ಅವತ್ತೇ ಎಬ್ಬಿಸಿ ನಿಲ್ಲಿಸಿದೆವು. ಇಲ್ಲಿ ಮನೆಯವರದ್ದೇ ದೊಡ್ಡ ವಿರೋಧ. ಮಗ ಬಾಗಿಲಲ್ಲಿ ನಿಂತು, “ಹೊಲಿಗೆ ಬಿಚ್ಚಿ ಹೋದ್ರೆ ಯಾರು ಜವಾಬ್ದಾರಿ ಸಿಸ್ಟರ್? ಮಲಗಿರಲಿ ಪಾಪ” ಅಂದರು. ಅವರ ಭಯ ತಪ್ಪಲ್ಲ. ಹೊರಗೆ ಕಾಣುವ ಚರ್ಮದ ಹೊಲಿಗೆಯೇ ಹೊಟ್ಟೆಯನ್ನು ಹಿಡಿದಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾಗಿ ಹಿಡಿದಿರುವುದು ಒಳಗಿನ ಬಿಳಿ ಗಟ್ಟಿ ಪದರದ ಹೊಲಿಗೆ. ಮೀನುಗಾರರ ಮನೆಯವರಲ್ವಾ, ಬಲೆಯ ಅಂಚಿನ ದಪ್ಪ ಹಗ್ಗ ಇದ್ದ ಹಾಗೆ ಅದು ಅಂತ ಹೇಳಿದೆ, ತಕ್ಷಣ ಅರ್ಥ ಮಾಡಿಕೊಂಡರು. ನಡೆದರೆ ಅದಕ್ಕೆ ಏನೂ ಆಗುವುದಿಲ್ಲ. ಕೈ ಆಧಾರ ಇಲ್ಲದೆ ಜೋರಾಗಿ ಕೆಮ್ಮಿದರೆ, ತಿಣುಕಿದರೆ, ಅಂಗಾತ ಮಲಗಿದವರು ಹಾಗೇ ನೇರ ಎದ್ದರೆ ಅದರ ಮೇಲೆ ಭಾರ ಬೀಳುತ್ತದೆ. ಏಳುವ ಕ್ರಮ ಬೇರೆ: ಮಂಡಿ ಮಡಚಿ, ಮೈ ಪೂರ್ತಿ ಒಂದೇ ಸಲ ಮಗ್ಗುಲಿಗೆ ಹೊರಳಿ, ಕಾಲು ಕೆಳಗೆ ಇಳಿಬಿಟ್ಟು, ಮೊಣಕೈ ಊರಿ ಕೂರುವುದು. ಕೂತು ಎರಡು ನಿಮಿಷ. ತಲೆ ತಿರುಗದಿದ್ದರೆ ನಿಲ್ಲುವುದು. ಮಗನಿಗೇ ಡ್ರೇನ್ ಚೀಲ ಹಿಡಿದುಕೊಳ್ಳಲು ಹೇಳಿದೆ. ಕಿಟಕಿಯವರೆಗೆ ಆರು ಹೆಜ್ಜೆ. ಹೊರಗೆ ಮಳೆ ಹೊಡೆಯುತ್ತಿತ್ತು, ಅಕ್ಕ ಒಂದು ಗಳಿಗೆ ನಿಂತು ನೋಡಿದರು.

ಆಪರೇಷನ್ ಆದವರನ್ನು ಬೇಗ ಎಬ್ಬಿಸಿ, ಬೇಗ ಉಣಿಸಿ, ಬೇಡದ ನಳಿಕೆಗಳನ್ನು ಬೇಗ ತೆಗೆಯುವ ಕ್ರಮವನ್ನು ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ಗಟ್ಟಿಯಾಗಿ ಮುಂದಿಟ್ಟರು. ಕೇಣಿ ಅಕ್ಕನಂತೆ ತುರ್ತಾಗಿ ಬಂದವರಿಗೆ ಅದನ್ನು ಪೂರ್ತಿ ಅನುಸರಿಸಲು ಆಗುವುದಿಲ್ಲ. ಮೊದಲೇ ತಯಾರಿ ಮಾಡಲು ಸಮಯವೇ ಇರುವುದಿಲ್ಲ. ಆದರೆ ಅದರಲ್ಲಿ ನರ್ಸಿನ ಕೈಯಲ್ಲಿರುವ ಭಾಗ ಇದೆಯಲ್ಲ, ಅದಕ್ಕೆ ದುಬಾರಿ ಯಂತ್ರ ಯಾವುದೂ ಬೇಡ. ಆ ಸಂಜೆ ಡಾಕ್ಟರನ್ನು ಕೇಳಿ ಕ್ಯಾತಿಟರ್ ತೆಗೆದೆವು. ಅದು ಒಂದೊಂದು ದಿನ ಜಾಸ್ತಿ ಇದ್ದಷ್ಟೂ ಮೂತ್ರದ ಸೋಂಕಿನ ಅಪಾಯ ಏರುತ್ತದೆ. ಜೊತೆಗೆ ಮೂತ್ರಕ್ಕೆ ಹೋಗಬೇಕು ಅಂತಾದರೂ ಅವರು ಏಳುತ್ತಾರೆ.

ಮೂರನೇ ದಿನ ಎಲ್ಲರೂ ಕಾಯುತ್ತಿದ್ದುದು ಒಂದೇ ಸುದ್ದಿಗೆ, ಗ್ಯಾಸ್ ಹೋಯಿತಾ ಅಂತ. ಹೊಟ್ಟೆ ತೆರೆದ ಮೇಲೆ ಕರುಳು ಕೆಲ ದಿನ ಸುಮ್ಮನಾಗುತ್ತದೆ. ಸಣ್ಣ ಕರುಳು ಒಂದು ದಿನದೊಳಗೆ ಎಚ್ಚರಾಗುತ್ತದೆ, ಜಠರಕ್ಕೆ ಒಂದೆರಡು ದಿನ, ದೊಡ್ಡ ಕರುಳಿಗೆ ಎರಡು ಮೂರು ದಿನ ಬೇಕು. ರೌಂಡ್ಸಿನಲ್ಲಿ ಡಾಕ್ಟರ್ ಜೋರಾಗಿ ಕೇಳಿದರು, ಅಕ್ಕ ತಲೆ ಅಲ್ಲಾಡಿಸಿ ಇಲ್ಲ ಅಂದರು. ಅಕ್ಕಪಕ್ಕದ ಮಂಚದ ಹತ್ತಿರ ಗಂಡಸರು ಕೂತಿದ್ದಾರೆ, ಯಾವ ಹೆಂಗಸು ಹೇಳುತ್ತಾಳೆ? ಪರದೆ ಎಳೆದು, ಬಾಯಿ ಒರೆಸುವ ನೆಪದಲ್ಲಿ ಬಗ್ಗಿ ಕೇಳಿದೆ. “ಬೆಳಗಿಂದ ಎರಡು ಸಲ ಹೋಯ್ತು ತಂಗಿ” ಅಂದರು. ರೈಲ್ಸ್ ಟ್ಯೂಬಿನಲ್ಲಿ ಬರುತ್ತಿದ್ದ ಹಸಿರು ನೀರೂ ಕಡಿಮೆಯಾಗಿತ್ತು. ಮಧ್ಯಾಹ್ನ ಟ್ಯೂಬ್ ಹೊರಗೆ ಬಂತು. ಅಷ್ಟು ದಿನ ಬಾಯಿ ಒಣಗಿ ತುಟಿ ಒಡೆದಿತ್ತು. ಎರಡು ಗಂಟೆಗೊಮ್ಮೆ ಒದ್ದೆ ಬಟ್ಟೆಯಿಂದ ಬಾಯಿ ಒರೆಸಿ ತುಟಿಗೆ ತುಪ್ಪ ಸವರುವ ಕೆಲಸವನ್ನು ಮಗಳು ಒಂದು ಸಲವೂ ತಪ್ಪಿಸಿರಲಿಲ್ಲ.

ಮೊದಲು ಚಮಚದಲ್ಲಿ ನೀರು, ಆಮೇಲೆ ಎಳನೀರು, ಗಂಜಿ ತಿಳಿ. ಹೊಟ್ಟೆ ಉಬ್ಬಲಿಲ್ಲ, ವಾಂತಿ ಇಲ್ಲ. ನಾಲ್ಕನೇ ದಿನ ಕುಚ್ಚಲಕ್ಕಿ ಗಂಜಿ ಮೆತ್ತಗೆ ಬೇಯಿಸಿ ತಂದರು. ಡ್ರೇನಿನಲ್ಲಿ ಏನೂ ಬದಲಾಗದ್ದು ನೋಡಿ ಐದನೇ ದಿನ ಅದನ್ನೂ ತೆಗೆದರು.

ಅಲ್ಲಿಗೆ ಶುರುವಾಯಿತು ಪಥ್ಯದ ಮಾತು. ಮೀನು ನಂಜು, ಮೊಟ್ಟೆ ನಂಜು, ತಿಂದರೆ ಗಾಯ ಕೀವಾಗುತ್ತದೆ, ತಿಂಗಳು ಬರೀ ಗಂಜಿ ಉಪ್ಪಿನಕಾಯಿ ಅಂತ ಅಕ್ಕನ ಅತ್ತಿಗೆ ತೀರ್ಮಾನ ಮಾಡಿಬಿಟ್ಟಿದ್ದರು. ಇದು ನನಗೆ ತುಂಬಾ ಸಂಕಟದ ವಿಷಯ. ಗಾಯ ಕೂಡಿಕೊಳ್ಳುವುದೇ ಪ್ರೋಟೀನ್‌ನಿಂದ. ಇಂಥ ಆಪರೇಷನ್ ಆದವರಿಗೆ ದಿನಕ್ಕೆ ಕೆಜಿಗೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು, ಅಂದರೆ ಅಕ್ಕನಿಗೆ 65ರಿಂದ 80 ಗ್ರಾಂ. ಒಂದು ದೊಡ್ಡ ಬಟ್ಟಲು ಗಂಜಿಯಲ್ಲಿ ಅದರ ಹತ್ತನೇ ಒಂದು ಪಾಲೂ ಸಿಗುವುದಿಲ್ಲ. ನೂರು ಗ್ರಾಂ ಮೀನಿನಲ್ಲಿ ಸುಮಾರು ಇಪ್ಪತ್ತು ಗ್ರಾಂ ಇದೆ. ಕಡಲ ದಂಡೆಯಲ್ಲಿ ಹುಟ್ಟಿದವರಿಗೆ ಅತ್ಯಂತ ಬೇಕಾದ ದಿನಗಳಲ್ಲೇ ಮೀನು ಬೇಡ ಅನ್ನುವುದು ಎಂಥ ಅನ್ಯಾಯ! ಆದರೆ ಅತ್ತಿಗೆಯ ಎದುರು ವಾದಕ್ಕೆ ನಿಂತರೆ ಮನೆಗೆ ಹೋದಮೇಲೆ ನಡೆಯುವುದು ಅವರದ್ದೇ. ಹಾಗಾಗಿ ಅವರನ್ನೇ ಕೇಳಿದೆ, “ನಿಮ್ಮಲ್ಲಿ ಬಾಣಂತಿಗೆ ಯಾವ ಮೀನು ಕೊಡ್ತ್ರಿ?” ನೊಗಲಿ, ಸಪ್ಪೆ ಸಾರು ಮಾಡಿ ಅಂದರು. “ಅಕ್ಕನಿಗೂ ಅದೇ ಮಾಡ್ತ್ರಾ?” ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು. ಬಲೆ ದೋಣಿಯವರು ತಂದ ನೊಗಲಿ ಎರಡು ಸಿಕ್ಕಿತಂತೆ, ಖಾರ ಹಾಕದೆ ಅರಿಶಿನ, ಉಪ್ಪು ಹಾಕಿ ಬೇಯಿಸಿ ತಂದರು. ಅಕ್ಕ ಅವತ್ತು ಮೊದಲ ಸಲ ಬಟ್ಟಲು ಖಾಲಿ ಮಾಡಿದರು.

ಆರನೇ ದಿನ ಬೆಳಗ್ಗೆ ಹೊಟ್ಟೆಯ ಬಟ್ಟೆ ಒದ್ದೆಯಾಗಿದೆ ಅಂತ ಮಗಳು ಓಡಿ ಬಂದಳು. ಡ್ರೆಸ್ಸಿಂಗ್ ಮೇಲೆ ತೆಳು ಗುಲಾಬಿ ನೀರು, ಅಂಗೈ ಅಗಲ. ಇದನ್ನು ನೋಡಿದರೆ ನಮ್ಮ ಎದೆ ಧಸಕ್ ಅನ್ನುತ್ತದೆ. ಐದರಿಂದ ಹತ್ತನೇ ದಿನದ ಒಳಗೆ ಹೀಗೆ ಗುಲಾಬಿ ನೀರು ಬಂದರೆ ಒಳಗಿನ ಗಟ್ಟಿ ಪದರ ಬಿಟ್ಟಿರಬಹುದು, ಕರುಳು ಹೊರಗೆ ಬರುವ ಮುಂಚಿನ ಸೂಚನೆ ಇರಬಹುದು. ಅತ್ತಿಗೆಯ ಮುಖ ನೋಡಲು ನನಗೆ ಧೈರ್ಯ ಆಗಲಿಲ್ಲ, ನಿನ್ನೆ ತಾನೇ ಮೀನು ಕೊಡಿಸಿದ್ದು ನಾನು.

ಅಕ್ಕನನ್ನು ತಕ್ಷಣ ಮಲಗಿಸಿ, ತಲೆ ಸ್ವಲ್ಪ ಎತ್ತರಿಸಿ, ಮಂಡಿ ಮಡಚಿಸಿದೆ. ಹೊಟ್ಟೆ ಸಡಿಲಾಗಲಿ ಅಂತ. ಕೆಮ್ಮಬೇಡಿ, ಏಳಬೇಡಿ, ಬಾಯಿಗೆ ಏನೂ ಹಾಕಬೇಡಿ ಅಂದೆ, ಮತ್ತೆ ಆಪರೇಷನ್ ಬೇಕಾದರೂ ಬೇಕು. ಸ್ಟೆರೈಲ್ ಗಾಜ್ ಬಟ್ಟೆಯನ್ನು ಸಲೈನಿನಲ್ಲಿ ನೆನೆಸಿ ಪಕ್ಕದಲ್ಲಿ ತಯಾರಿಟ್ಟೆ, ಒಂದು ವೇಳೆ ಕರುಳು ಹೊರಬಂದರೆ ಅದನ್ನು ಒಳಗೆ ತಳ್ಳಬಾರದು, ಇದರಿಂದ ಮುಚ್ಚಿ ಕಾಯಬೇಕು. ಸರ್ಜನ್ ಹತ್ತು ನಿಮಿಷದಲ್ಲಿ ಬಂದರು. ಕೆಳಗಿನ ಎರಡು ಹೊಲಿಗೆ ತೆಗೆದು ನೋಡಿದರು. ಒಳಗಿನ ಪದರ ಗಟ್ಟಿಯಾಗಿಯೇ ಇತ್ತು. ಚರ್ಮದ ಕೆಳಗೆ ನೀರು ತುಂಬಿ ಸ್ವಲ್ಪ ಸೋಂಕಾಗಿತ್ತು, ಅಷ್ಟೇ. ಹೊಟ್ಟೆಯೊಳಗೆ ಕೊಳೆ ಚೆಲ್ಲಿ ಆಪರೇಷನ್ ಆದವರಲ್ಲಿ ಇದು ಆಗುವಂಥದ್ದೇ, ಮೀನಿನಿಂದ ಅಲ್ಲ ಅಂತ ಸರ್ಜನ್ ಅತ್ತಿಗೆಗೆ ತಾವೇ ಹೇಳಿದರು. ಆ ಮಾತು ಅವರ ಬಾಯಿಂದ ಬಂದಿದ್ದು ಒಳ್ಳೆಯದಾಯಿತು. ಅಲ್ಲಿಂದ ದಿನಾ ಗಾಯ ತೊಳೆದು ಗಾಜ್ ಬಟ್ಟೆ ತುಂಬುವ ಡ್ರೆಸ್ಸಿಂಗ್. ಅದಕ್ಕೂ ಅರ್ಧ ಗಂಟೆ ಮುಂಚೆ ನೋವಿನ ಔಷಧಿ. ಅದನ್ನು ಈಗ ಯಾರೂ ಮರೆಯಲಿಲ್ಲ.

ಹತ್ತನೇ ದಿನ ಡಿಸ್ಚಾರ್ಜ್. ಗಾಯದ ತಳ ಕೆಂಪಗೆ, ಚೊಕ್ಕಟವಾಗಿತ್ತು. ಹುಣ್ಣಿಗೆ ಕಾರಣವಾಗುವ ಎಚ್. ಪೈಲೋರಿ ಅನ್ನುವ ಬ್ಯಾಕ್ಟೀರಿಯಾದ ಪರೀಕ್ಷೆ ಪಾಸಿಟಿವ್ ಬಂದಿತ್ತು, ಹದಿನಾಲ್ಕು ದಿನದ ಮಾತ್ರೆ ಬರೆದಿದ್ದರು. ಸಾಮಾನು ಕಟ್ಟುವಾಗ ಅಕ್ಕ ಎಲೆ ಅಡಿಕೆ ಸಂಚಿ ಕೇಳಿದರು. ಮಗಳು ಕೊಟ್ಟಳು. ನನಗೆ ಯಾಕೋ ಅನುಮಾನ, “ಒಮ್ಮೆ ನೋಡ್ಲಾ ಅಕ್ಕಾ?” ಅಂದೆ. ಬಾಡಿದ ವೀಳ್ಯದೆಲೆ, ಸುಣ್ಣದ ಡಬ್ಬಿ, ತಂಬಾಕಿನ ತುಂಡು, ಅದರ ಕೆಳಗೆ ಮಡಚಿಟ್ಟ ಅರ್ಧ ಪಟ್ಟಿ ಅದೇ ನೋವಿನ ಮಾತ್ರೆ. ಆರು ಉಳಿದಿದ್ದವು. ಮನೆಗೆ ಹೋಗಿ ಮಂಡಿ ಹಿಡಿದರೆ ಅವರು ಅದನ್ನೇ ನುಂಗುತ್ತಿದ್ದರು, ಅದರಲ್ಲಿ ಸಂಶಯ ಇಲ್ಲ. ಆ ಮಾತ್ರೆಯೇ ತೂತು ಮಾಡಿದ್ದು ಅಂತ ನಾವು ಮಗಳಿಗೆ ಹೇಳಿದ್ದೆವು, ಮಗನಿಗೆ ಹೇಳಿದ್ದೆವು. ಅಕ್ಕನಿಗೆ ಕೂರಿಸಿ ಹೇಳಿದವರು ಯಾರೂ ಇರಲಿಲ್ಲ. ಅವತ್ತು ಮಂಚದ ಮೇಲೆ ಕೂತು ಹೇಳಿದೆ. ತಂಬಾಕೂ ಗಾಯಕ್ಕೆ ರಕ್ತ ಹರಿಯುವುದನ್ನು ಕಡಿಮೆ ಮಾಡುತ್ತದೆ ಅಂತ ಹೇಳಿದೆ. ಮಾತ್ರೆಯನ್ನು ಅವರೇ ನನ್ನ ಕೈಗೆ ಹಾಕಿದರು. ತಂಬಾಕು ಕೊಡಲಿಲ್ಲ, ನೋಡ್ವಾ ಅಂದರು.

ಬುಟ್ಟಿ ಯಾವಾಗ ಹೊರಬಹುದು ಅನ್ನುವುದು ಅವರ ಕೊನೆಯ ಪ್ರಶ್ನೆ. ಆರು ವಾರ ತುಂಬಿದ ಕೊಡವನ್ನೂ ಎತ್ತುವಂತಿಲ್ಲ, ಆಮೇಲೂ ಮೂರು ತಿಂಗಳವರೆಗೆ ತಲೆಯ ಮೇಲೆ ಭಾರ ಬೇಡ, ಇಲ್ಲದಿದ್ದರೆ ಕೊಯ್ದ ಜಾಗದಲ್ಲಿ ಹರ್ನಿಯಾ ಬರುತ್ತದೆ ಅಂದೆ. ಮೂರು ತಿಂಗಳು ಅಂದರೆ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್, ದೋಣಿ ಇಳಿದು ಮೀನು ಚೆನ್ನಾಗಿ ಬರುವ ಹೊತ್ತು. ಅವರ ಮುಖ ಸಣ್ಣದಾಯಿತು. ಅದಕ್ಕೆ ನನ್ನ ಹತ್ತಿರ ಔಷಧಿ ಇರಲಿಲ್ಲ. ಮಗಳು ಬುಟ್ಟಿ ಹೊರುವುದು, ಅಕ್ಕ ಪೇಟೆಯಲ್ಲಿ ಕೂತು ಮಾರುವುದು ಅಂತ ಅವರವರೇ ಮಾತಾಡಿಕೊಂಡರು.

ಆರು ವಾರದ ನಂತರ ತೋರಿಸಲು ಬಂದಾಗ ಗಾಯ ಪೂರ್ತಿ ಮುಚ್ಚಿತ್ತು. ಮಂಡಿ ಹೇಗಿದೆ ಅಂದೆ. “ಎಂತ ಇಲ್ಲ ತಂಗಿ” ಅಂದರು. ನಾನು ಸುಮ್ಮನೆ ಅವರನ್ನೇ ನೋಡುತ್ತಾ ನಿಂತೆ. ಅವರು ಮಗಳ ಕಡೆ ತಿರುಗಿ, ಮತ್ತೆ ನನ್ನ ಕಡೆ ತಿರುಗಿ, “ಮೆಟ್ಲು ಹತ್ತುವಾಗ ನೋಯ್ತದೆ. ಬಲಗಾಲು. ರಾತ್ರಿ ಜಾಸ್ತಿ” ಅಂದರು. ಮೂಳೆ ಡಾಕ್ಟರ ಓಪಿಡಿಗೆ ನಾನೇ ಕರೆದುಕೊಂಡು ಹೋಗಿ, ಹೊಟ್ಟೆ ಆಪರೇಷನ್ನಿನ ಕಾಗದವನ್ನು ಫೈಲಿನ ಎಲ್ಲಕ್ಕಿಂತ ಮೇಲೆ ಇಟ್ಟು ಬಂದೆ.